ಅಪರಿಚಿತರ ಕೈಗೆ ಕೊಟ್ಟ ಗುರುತು

ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರ ‘ಟೆಕ್’ ಎಂಬ ತಂತ್ರಾಂಶ 1978ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿತು. ಅದರ ಹಿಂದಿನ ವರ್ಷ ತಮ್ಮ ಗ್ರಂಥದ ಎರಡನೇ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ಕೈಗೆ ಬಂದಾಗ ಅಕ್ಷರಗಳ ಕಳಪೆತನ ಕಂಡು ಅವರು ನೊಂದಿದ್ದರು. ಸೀಸದ ಮೊಳೆಗಳ ಕಾಲ ಮುಗಿದು ಫೋಟೋ ಜೋಡಣೆಯ ಕಾಲ ಬಂದಿತ್ತು. ಗಣಿತದ ಪುಟಗಳ ಚೆಲುವು ನಡುದಾರಿಯಲ್ಲಿ ಕಳೆದುಹೋಗಿತ್ತು. ಪುಟವನ್ನು ತಾವೇ ಜೋಡಿಸಿಕೊಳ್ಳಲೆಂದು ಬರೆದ ಈ ತಂತ್ರಾಂಶಕ್ಕೆ ಕ್ನೂತ್ ಕೊಟ್ಟ ಗುರುತು ಮೂರೇ ಅಕ್ಷರ: ರೋಮನ್ ಲಿಪಿಯ ಟಿ, ಇ, ಎಕ್ಸ್. ನಡುವಿನ ಇ ತುಸು ಕೆಳಗಿಳಿದಿದೆ, ಅಕ್ಕಪಕ್ಕದವು ಅದಕ್ಕೆ ಒತ್ತಿ ನಿಂತಿವೆ. ಇದನ್ನು ಬರೆಯಲು ಚಿತ್ರಕಾರ ಬೇಕಾಗಲಿಲ್ಲ, ಬಣ್ಣ ಬೇಕಾಗಲಿಲ್ಲ. ಟಿ ಆದಮೇಲೆ ಒಂದು ಎಮ್ (ಅಕ್ಷರದ ಗಾತ್ರದಷ್ಟು) ಅಗಲದ ಆರನೇ ಒಂದು ಭಾಗ ಹಿಂದೆ ಸರಿ, ಸಣ್ಣಕ್ಷರ ಎಕ್ಸ್‌ನ ಎತ್ತರದ ಅರ್ಧದಷ್ಟು ಇಳಿದು ಇ ಇಡು, ಎಮ್‌ನ ಎಂಟನೇ ಒಂದು ಭಾಗ ಹಿಂದೆ ಸರಿದು ಎಕ್ಸ್ ಇಡು ಎಂಬ ಒಂದು ಸಾಲಿನ ಆಜ್ಞೆ ಸಾಕಾಯಿತು. 1984ರಲ್ಲಿ ಬಂದ ಕೈಪಿಡಿಯ ಮೊದಲ ಅಧ್ಯಾಯದಲ್ಲೇ ಕ್ನೂತ್ ಇನ್ನೊಂದು ಸೂಚನೆಯನ್ನೂ ಕೊಟ್ಟರು. ಇ ಅಕ್ಷರವನ್ನು ಕೆಳಗಿಳಿಸಲು ಬಾರದ ಕಡೆ, ಅಂದರೆ ಸಾಮಾನ್ಯ ಕಂಪ್ಯೂಟರ್ ಕಡತದಂಥ ಕಡೆ, ಅದೊಂದನ್ನು ಸಣ್ಣಕ್ಷರದಲ್ಲಿ ಬರೆಯಿರಿ, ಅಷ್ಟು ಸಾಕು ಎಂದರು. ಮೂರನ್ನೂ ದೊಡ್ಡಕ್ಷರದಲ್ಲಿ ಬರೆದರೆ ಹನಿವೆಲ್ ಕಂಪನಿಯ ಬೇರೊಂದು ತಂತ್ರಾಂಶದ ಹೆಸರಾಗುತ್ತಿತ್ತು.

ಲಾಂಛನ ಮಾಡಿದವರೇ, ಅದನ್ನು ಸರಿಯಾಗಿ ಮೂಡಿಸಲಾಗದ ಬಡ ಸಾಧನವೊಂದನ್ನು ಮೊದಲೇ ನೆನೆದು, ಅಲ್ಲಿಗೂ ಒಂದು ರೂಪ ಕೊಟ್ಟ ಉದಾಹರಣೆ ಇದು. ತಂತ್ರಾಂಶ ಯೋಜನೆಗಳ ಲಾಂಛನಗಳ ಚರಿತ್ರೆಯನ್ನು ಇಲ್ಲಿಂದ ಓದಿದರೆ ಸರಳತೆಯ ವಿಷಯ ಬೇರೆಯೇ ಆಗಿ ಕಾಣುತ್ತದೆ. ಸಾಮಾನ್ಯವಾಗಿ ಸರಳ ಲಾಂಛನವನ್ನು ಅಭಿರುಚಿಯ ಮಾತಾಗಿ, ಇಲ್ಲವೇ ಕಾಲಕಾಲಕ್ಕೆ ಬರುವ ಫ್ಯಾಷನ್ ಆಗಿ ವಿವರಿಸುತ್ತಾರೆ. ಕಂಪನಿಗಳ ಮಟ್ಟಿಗೆ ಅದು ನಿಜವೂ ಇರಬಹುದು. ಕಂಪನಿಯ ಲಾಂಛನವನ್ನು ಬಳಸುವವರು ಅದರ ಸಂಬಳ ಪಡೆಯುವವರು, ಇಲ್ಲವೇ ಅದು ಗೊತ್ತುಮಾಡಿದ ಮುದ್ರಕರು. ಯಾವ ಬಣ್ಣ, ಸುತ್ತ ಎಷ್ಟು ಜಾಗ ಎಂದು ಹೇಳುವ ಕೈಪಿಡಿ ಅವರ ಮುಂದಿರುತ್ತದೆ, ತಪ್ಪಿದರೆ ತಿದ್ದುವ ಕಚೇರಿ ಇರುತ್ತದೆ. ಎಲ್ಲರೂ ಸೇರಿ ಕಟ್ಟುವ ಮುಕ್ತ ತಂತ್ರಾಂಶಕ್ಕೆ ಆ ಆಸರೆ ಇಲ್ಲ. ಅದರ ಲಾಂಛನವನ್ನು ಸಮ್ಮೇಳನದ ಅಂಗಿಗೆ ಹಾಕಿಸುವವರು, ಪುಸ್ತಕದ ಬೆನ್ನಿಗೆ ಅಚ್ಚು ಮಾಡಿಸುವವರು, ತಮ್ಮದೇ ಯಂತ್ರದ ಪರದೆಯ ಮೂಲೆಗೆ ಕುಗ್ಗಿಸಿ ಇಡುವವರು, ಯಾರೂ ಮೂಲ ಚಿತ್ರಕಾರನಿಗೆ ಪರಿಚಿತರಲ್ಲ. ಒಬ್ಬರ ಬಳಿ ಒಂದೇ ಬಣ್ಣದ ಶಾಯಿ ಇದೆ, ಇನ್ನೊಬ್ಬರಿಗೆ ಹದಿನಾರು ಚುಕ್ಕೆಯ ಜಾಗವಿದೆ, ಮತ್ತೊಬ್ಬರಿಗೆ ಚಿತ್ರವನ್ನೇ ತೋರಿಸಲಾಗದ ಟರ್ಮಿನಲ್ ಇದೆ. ಸರಳತೆ ಎಂದರೆ ಈ ಅಪರಿಚಿತರಿಗೆ ತೋರುವ ಮರ್ಯಾದೆ ಎಂಬುದು ನನ್ನ ವಾದ. ಗೆರೆ ಸರಳವಾಗಿರುವುದು ಅದರ ಅರ್ಧ ಭಾಗ. ಬಳಸಲು ಕೊಡುವ ಅನುಮತಿ ಸರಳವಾಗಿರುವುದು ಉಳಿದರ್ಧ. ಈ ಎರಡರಲ್ಲಿ ಒಂದು ತಪ್ಪಿದಾಗಲೂ ಲಾಂಛನ ನಡುದಾರಿಯಲ್ಲಿ ನಿಂತಿದೆ ಅಥವಾ ಬದಲಾಗಬೇಕಾಗಿ ಬಂದಿದೆ.

ಗೆರೆಯ ವಿಷಯದಲ್ಲಿ ಮೊದಲ ಕಟ್ಟುಪಾಡು ಬಂದದ್ದು ಪರದೆಯಿಂದ. 1984ರ ಜನವರಿಯಲ್ಲಿ ಬಂದ ಆಪಲ್ ಕಂಪನಿಯ ಮ್ಯಾಕಿಂತೋಷ್ ಯಂತ್ರದ ಪರದೆ 512 ಅಡ್ಡ, 342 ಉದ್ದ ಚುಕ್ಕೆಗಳದು. ಕಪ್ಪು ಅಥವಾ ಬಿಳಿ, ನಡುವೆ ಬೂದು ಇಲ್ಲ. ಅದರ ಚಿಹ್ನೆಗಳನ್ನು ಬರೆದ ಸೂಸನ್ ಕೇರ್ ಚೌಕುಳಿ ಕಾಗದದಲ್ಲಿ 32ಕ್ಕೆ 32 ಮನೆಗಳನ್ನು ಗುರುತಿಸಿಕೊಂಡು, ಬೇಕಾದ ಮನೆ ತುಂಬಿ ಬೇಡದ್ದನ್ನು ಬಿಟ್ಟು ಚಿತ್ರ ಕಟ್ಟಿದರು. ಆ ಕೆಲಸದಲ್ಲಿ ಒಂದು ಪ್ರಸಂಗ ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ಮೆನುಗಳಲ್ಲಿ ಕೀಲಿಯ ಗುರುತಾಗಿ ಸೇಬಿನ ಚಿತ್ರ ಸಾಲುಸಾಲಾಗಿ ಕಂಡಾಗ ಆಪಲ್ ಸ್ಥಾಪಕರಲ್ಲೊಬ್ಬರಾದ ಸ್ಟೀವ್ ಜಾಬ್ಸ್, ಕಂಪನಿಯ ಲಾಂಛನ ಅತಿಯಾಯಿತು ಎಂದು ಬೇರೆ ಗುರುತು ಕೇಳಿದರು. ಕೇರ್ ಚಿಹ್ನೆಗಳ ನಿಘಂಟಿನಲ್ಲಿ ಹುಡುಕಿ, ನಾಲ್ಕು ಮೂಲೆಗಳಲ್ಲಿ ಕುಣಿಕೆಯಿರುವ ಚೌಕವೊಂದನ್ನು ಆರಿಸಿದರು. ಸ್ವೀಡನ್ ಮುಂತಾದ ಉತ್ತರದ ದೇಶಗಳಲ್ಲಿ ನೋಡತಕ್ಕ ಸ್ಥಳ ಇಲ್ಲಿದೆ ಎಂದು ಪ್ರವಾಸಿಗೆ ಹೇಳುವ ಗುರುತು ಅದು. ಆಕಸ್ಮಿಕವೆಂದು ತೋರುವ ಈ ಆಯ್ಕೆಯ ಹಿಂದೆ ಗಟ್ಟಿಯಾದ ಕಾರಣವಿದೆ. ದಾರಿಬದಿಯ ಫಲಕವನ್ನು ಬರೆಯುವವನಿಗೂ ತನ್ನ ಓದುಗ ಯಾರೆಂದು ಗೊತ್ತಿರುವುದಿಲ್ಲ. ಅವನಾಡುವ ಭಾಷೆ ಯಾವುದೋ, ಅವನು ಹೋಗುವ ವೇಗ ಎಷ್ಟೋ. ಅಂಥ ಓದುಗನಿಗಾಗಿ ಸವೆದು ನಯವಾದ ಗುರುತು ಬೆರಳೆಣಿಕೆಯ ಚುಕ್ಕೆಗಳಲ್ಲೂ ಉಳಿದುಕೊಂಡಿತು. ಇಂದಿಗೂ ಆ ಕೀಲಿಯ ಮೇಲೆ ಅದೇ ಗುರುತಿದೆ.

ಬರ್ಕ್ಲಿಯಲ್ಲಿ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಬೆಳೆಸಿದ ಬಳಗದ ಕಥೆ ಇನ್ನೂ ಉದ್ದವಾದದ್ದು, ಅದರಲ್ಲಿ ಎಡವಿದ್ದೂ ಉಂಟು ಎದ್ದದ್ದೂ ಉಂಟು. ಯುನಿಕ್ಸ್‌ನಲ್ಲಿ ತೆರೆಮರೆಯಲ್ಲಿ ಓಡುತ್ತ ಸೇವೆ ಸಲ್ಲಿಸುವ ಕ್ರಮವಿಧಿಗಳನ್ನು ‘ಡೀಮನ್’ ಎನ್ನುವ ರೂಢಿ. 1976ರಲ್ಲಿ ವ್ಯಂಗ್ಯಚಿತ್ರಕಾರ ಫಿಲ್ ಫೋಗ್ಲಿಯೊ ಅದನ್ನೇ ಹಿಡಿದು ಪುಟ್ಟ ಪುಟ್ಟ ದೆವ್ವಗಳನ್ನು ಬರೆದರು. 1984ರಲ್ಲಿ ಬರ್ಕ್ಲಿ ಯುನಿಕ್ಸ್ ಕೈಪಿಡಿಯ ಹೊದಿಕೆಗೆ ಜಾನ್ ಲ್ಯಾಸೆಟರ್ ಒಂದು ಡೀಮನ್ ಬರೆದುಕೊಟ್ಟರು. ಮುಂದೆ ‘ಟಾಯ್ ಸ್ಟೋರಿ’ ಚಿತ್ರ ನಿರ್ದೇಶಿಸಿದವರು ಅವರೇ. 1988ರಲ್ಲಿ ಅವರು ಬರೆದ, ಕಾಲಿಗೆ ಕ್ಯಾನ್ವಾಸ್ ಬೂಟು ಹಾಕಿ ಕೈಯಲ್ಲಿ ಕವಲುಗೋಲು ಹಿಡಿದ ಕೆಂಪು ಡೀಮನ್ ಎಲ್ಲರ ಮನಸ್ಸಿನಲ್ಲಿ ನಿಂತಿತು. ಅಂದವಾದ ಚಿತ್ರ, ಜೀವ ತುಂಬಿದ ಚಿತ್ರ. ಆದರೆ ಅದನ್ನು ಚಿಕ್ಕದಾಗಿಸಿದರೆ ಬೂಟು, ಬಾಲ, ಕವಲುಗೋಲು ಎಲ್ಲ ಕಲಸಿಹೋಗುತ್ತವೆ. ಕಪ್ಪು ಬಿಳುಪಾದರೆ ಮೈಯ ಉಬ್ಬುತಗ್ಗು ಮಾಯವಾಗುತ್ತದೆ. ಹಕ್ಕುಸ್ವಾಮ್ಯ ಬರ್ಕ್ಲಿಯ ಮಾರ್ಷಲ್ ಕರ್ಕ್ ಮೆಕ್ಯುಸಿಕ್ ಅವರ ಕೈಯಲ್ಲಿತ್ತು, ಅಂಗಿಯಂಥ ವಸ್ತುಗಳ ಮೇಲೆ ಹಾಕಿಸಲು ಅವರನ್ನು ಕೇಳಬೇಕಿತ್ತು. ಅಲ್ಲದೆ ಅದು ಇಡೀ ಕುಲಕ್ಕೆ ಸೇರಿದ್ದು. ಆ ಕುಲದಿಂದ ಕವಲೊಡೆದ ಫ್ರೀಬಿಎಸ್‌ಡಿ, ನೆಟ್‌ಬಿಎಸ್‌ಡಿ ಯೋಜನೆಗಳಲ್ಲಿ ಯಾವುದನ್ನೂ ಬೇರೆಯಾಗಿ ಗುರುತಿಸುತ್ತಿರಲಿಲ್ಲ.

ನೆಟ್‌ಬಿಎಸ್‌ಡಿ 1994ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ಕಷ್ಟವನ್ನು ಹೆಚ್ಚಿಸಿಕೊಂಡಿತು. ಶಾನ್ ಮುಲ್ಲರ್ ಬರೆದ ಆ ಲಾಂಛನದಲ್ಲಿ ಕಂಪ್ಯೂಟರುಗಳ ರಾಶಿಯ ಮೇಲೆ ಹಲವು ಡೀಮನ್‌ಗಳು ಸೇರಿ ಬಾವುಟ ನೆಡುತ್ತವೆ. ಎರಡನೇ ಮಹಾಯುದ್ಧದಲ್ಲಿ ಐವೊ ಜಿಮಾ ದ್ವೀಪದಲ್ಲಿ ಸೈನಿಕರು ಧ್ವಜ ನೆಟ್ಟ ಪ್ರಸಿದ್ಧ ಛಾಯಾಚಿತ್ರದ ಭಂಗಿ ಅದು. ಬಗೆಬಗೆಯ ಯಂತ್ರಗಳ ಮೇಲೆ ಓಡುವುದೇ ನೆಟ್‌ಬಿಎಸ್‌ಡಿಯ ಹೆಮ್ಮೆ ಎಂಬುದನ್ನು ಬಲ್ಲವರಿಗೆ ಈ ಚಿತ್ರ ಪೂರ್ತಿ ತಿಳಿಯುತ್ತದೆ. ತಿಳಿಯದವರಿಗೆ ಅದು ಯುದ್ಧದ ಚಿತ್ರ, ಇಲ್ಲವೇ ದೆವ್ವಗಳ ಗುಂಪು. ಹತ್ತು ವರ್ಷಗಳ ಬಳಿಕ ಯೋಜನೆಯವರು ಹೊಸ ಲಾಂಛನಕ್ಕೆ ಕರೆ ಕೊಟ್ಟಾಗ ಹೇಳಿದ ಕಾರಣಗಳು ಇವೇ: ಚಿತ್ರ ಬಹಳ ಜಟಿಲ, ಅಚ್ಚಿಗೆ ಸುಲಭವಾಗಿ ಬಾರದು, ಬೇರೆ ಬೇರೆ ನಾಡುಗಳಲ್ಲಿ ಬೇಡದ ಅರ್ಥ ಹುಟ್ಟಿಸುತ್ತದೆ. 2004ರ ಅಕ್ಟೋಬರಿನಲ್ಲಿ ಗ್ರಾಂಟ್ ಬಿಸೆಟ್ ಅವರ ವಿನ್ಯಾಸ ಆಯ್ಕೆಯಾಯಿತು. ಅದರಲ್ಲಿ ಡೀಮನ್‌ಗಳಿಲ್ಲ, ಕಂಪ್ಯೂಟರ್ ರಾಶಿಯಿಲ್ಲ. ಹಾರುವ ಕಿತ್ತಳೆ ಬಾವುಟವೊಂದೇ ಇದೆ. ಹತ್ತು ವರ್ಷ ಆ ಚಿತ್ರದೊಂದಿಗೆ ಬಾಳಿದವರಿಗೆ ಬಾವುಟ ಸಾಕು, ಅದರ ಕೆಳಗೆ ಯಾರಿದ್ದರೆಂದು ನೆನಪಾಗುತ್ತದೆ. ಹೊಸದಾಗಿ ಬಂದವರಿಗೂ ಬಾವುಟ ಸಾಕು, ಅದು ತಪ್ಪು ಅರ್ಥ ಕೊಡುವುದಿಲ್ಲ. ಹಳೆಯ ಗುರುತಿನಿಂದ ಏನನ್ನು ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆಗೆ ಇಷ್ಟು ಸೊಗಸಾದ ಉತ್ತರ ತಂತ್ರಾಂಶದ ಲೋಕದಲ್ಲಿ ವಿರಳ ಎಂದೇ ನನ್ನ ಎಣಿಕೆ. ಮರುವರ್ಷ ಫ್ರೀಬಿಎಸ್‌ಡಿಯೂ ಸ್ಪರ್ಧೆ ನಡೆಸಿತು. ಗೆದ್ದ ಆಂಟನ್ ಗುರಾಲ್ ಅವರ ಲಾಂಛನ ಒಂದು ಕೆಂಪು ಗೋಳ, ಅದಕ್ಕೆ ಎರಡು ಕೊಂಬು. ಡೀಮನ್ ಅಲ್ಲಿಂದ ಮರೆಯಾಗಲಿಲ್ಲ, ಪ್ರೀತಿಯ ಪಾತ್ರವಾಗಿ ಉಳಿಯಿತು. ಗುರುತಿನ ದುಡಿಮೆ ಮಾತ್ರ ಕೊಂಬಿನ ಗೋಳಕ್ಕೆ ಹೋಯಿತು.

ಇಲ್ಲಿ ಒಂದು ಬಲವಾದ ಆಕ್ಷೇಪ ಎದುರಾಗುತ್ತದೆ. ಈ ಲೋಕದಲ್ಲಿ ಅತಿ ಹೆಚ್ಚು ಹರಡಿದ ಗುರುತು ಲಿನಕ್ಸ್‌ನ ಪೆಂಗ್ವಿನ್ ಟಕ್ಸ್. ಅದು ಯಾವ ಅಳತೆಯಲ್ಲೂ ಸರಳ ಚಿತ್ರವಲ್ಲ. 1996ರಲ್ಲಿ ಲ್ಯಾರಿ ಯೂಯಿಂಗ್ ಅದನ್ನು ಗಿಂಪ್ ಎಂಬ ಚಿತ್ರ ತಂತ್ರಾಂಶದ ಮೊದಮೊದಲ ಆವೃತ್ತಿಯಲ್ಲಿ ಬರೆದರು. ಹೊಟ್ಟೆ ತುಂಬ ಮೀನು ತಿಂದು ತೃಪ್ತಿಯಿಂದ ಕುಳಿತ ಪೆಂಗ್ವಿನ್ ಇರಲಿ ಎಂಬುದು ಲಿನಕ್ಸ್ ಆರಂಭಿಸಿದ ಲೈನಸ್ ಟೊರ್ವಾಲ್ಡ್ಸ್ ಅವರ ಆಸೆ. ಕೊಕ್ಕಿನ ಮೇಲಿನ ಹೊಳಪು, ಹೊಟ್ಟೆಯ ಮೇಲಿನ ನೆರಳು, ಪಾದಗಳ ಉಬ್ಬು, ಎಲ್ಲವೂ ನವಿರಾದ ಛಾಯೆಗಳಲ್ಲಿವೆ. ಗಾತ್ರ ಹಿಗ್ಗಿಸಿದರೆ ಚುಕ್ಕೆ ಒಡೆಯುವ ಬಿಟ್‌ಮ್ಯಾಪ್ ಚಿತ್ರ ಬೇರೆ. ಆಗ ನಡೆದ ಲಾಂಛನ ಸ್ಪರ್ಧೆಗಳಲ್ಲಿ ಅದು ಗೆಲ್ಲಲೂ ಇಲ್ಲ. ಹಾಗಿದ್ದೂ ಗೆದ್ದವುಗಳನ್ನು ಇಂದು ನೆನೆಯುವವರಿಲ್ಲ, ಟಕ್ಸ್ ಎಲ್ಲೆಡೆ ಇದೆ. ಸರಳತೆಯ ವಾದವನ್ನು ಇದೊಂದೇ ಉದಾಹರಣೆ ಮುರಿದುಹಾಕುವುದಿಲ್ಲವೇ?

ಮುರಿಯುವುದಿಲ್ಲ, ಟಕ್ಸ್ ಹರಡಿದ ರೀತಿಯನ್ನು ಹತ್ತಿರದಿಂದ ನೋಡಿದರೆ ವಾದ ಇನ್ನಷ್ಟು ಗಟ್ಟಿಯಾಗುತ್ತದೆ. ಲಿನಕ್ಸ್ ಕರ್ನಲ್‌ನ ಆಕರ ಸಂಕೇತದಲ್ಲಿ ಯಂತ್ರ ಏಳುವಾಗ ಪರದೆಯ ಮೇಲೆ ತೋರಿಸಲೆಂದು ಪೆಂಗ್ವಿನ್‌ನ ಚಿತ್ರ ಇಟ್ಟಿದ್ದಾರೆ. ಒಂದೇ ಚಿತ್ರವಲ್ಲ, ಮೂರು: 224 ಬಣ್ಣಗಳದ್ದೊಂದು, 16 ಬಣ್ಣಗಳ ಹಳೆಯ ವಿಜಿಎ ಪರದೆಗೊಂದು, ಬರೀ ಕಪ್ಪು ಬಿಳುಪಿನದೊಂದು. ಅಳತೆ 80ಕ್ಕೆ 80 ಚುಕ್ಕೆ. ಯಂತ್ರದಲ್ಲಿ ಎಷ್ಟು ಪ್ರೊಸೆಸರ್ ಕೋರ್‌ಗಳಿವೆಯೋ ಅಷ್ಟು ಪೆಂಗ್ವಿನ್‌ಗಳು ಸಾಲಾಗಿ ಕಾಣುತ್ತವೆ. ಅಲ್ಲಿಗೆ ಗುರುತು ಸುದ್ದಿಯನ್ನೂ ಹೇಳತೊಡಗಿತು. ಎರಡೇ ಬಣ್ಣದಲ್ಲಿ ಬರೆದರೂ ಅದು ಪೆಂಗ್ವಿನ್ ಆಗಿಯೇ ಉಳಿಯಲು ಕಾರಣ, ಆ ಹಕ್ಕಿಯೇ ಹುಟ್ಟಾ ಕಪ್ಪು ಬಿಳುಪಿನದು. ಹೊರರೇಖೆ ಒಂದು ದುಂಡು ತಲೆ, ಒಂದು ದುಂಡು ಒಡಲು. ಛಾಯೆಗಳನ್ನು ಒಂದೊಂದಾಗಿ ತೆಗೆದರೂ ತಿರುಳು ಕೆಡುವುದಿಲ್ಲ. ಲ್ಯಾಸೆಟರ್ ಡೀಮನ್‌ಗೆ ಇಲ್ಲದ ಗುಣ ಇದು. ಸರಳ ಲಾಂಛನ ಎಂದರೆ ಕಡಿಮೆ ಗೆರೆಗಳಿರುವುದು ಎಂದು ಲೆಕ್ಕ ಹಾಕುವುದಕ್ಕಿಂತ, ಗೆರೆಗಳನ್ನು ಕಳೆಯುತ್ತ ಹೋದರೂ ತಾನಾಗಿಯೇ ಉಳಿಯುವುದು ಎಂದು ನೋಡುವುದು ಮೇಲು. ಜೊತೆಗೆ ಯೂಯಿಂಗ್ ಕೊಟ್ಟ ಅನುಮತಿ ಒಂದೇ ವಾಕ್ಯದ್ದು: ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು, ಯಾರಾದರೂ ಕೇಳಿದರೆ ತಮ್ಮ ಹೆಸರನ್ನೂ ಗಿಂಪ್ ಹೆಸರನ್ನೂ ಹೇಳಬೇಕು, ಅಷ್ಟೆ. ಆ ವಾಕ್ಯದ ಬಲದಿಂದಲೇ ಬೇರೆಯವರು ಅದನ್ನು ಹಿಗ್ಗಿಸಿದರೂ ಒಡೆಯದ ವೆಕ್ಟರ್ ಗೆರೆಗಳಲ್ಲಿ ಮತ್ತೆ ಬರೆದರು, ಟೋಪಿ ತೊಡಿಸಿದರು, ಹೊದಿಕೆಗಳ ಮೇಲೆ ಕೂರಿಸಿದರು. ಚಿತ್ರದಲ್ಲಿ ಉಳಿದಿದ್ದ ಜಟಿಲತೆಯನ್ನು ಅಪರಿಚಿತರೇ ತಮ್ಮ ತಮ್ಮ ಅಗತ್ಯಕ್ಕೆ ತಕ್ಕಂತೆ ಇಳಿಸಿಕೊಂಡರು, ಏಕೆಂದರೆ ಅವರನ್ನು ತಡೆಯುವ ಮಾತು ಎಲ್ಲಿಯೂ ಇರಲಿಲ್ಲ.

ಜಾಗದ ಇಕ್ಕಟ್ಟು ಮುಂದೆ ಇನ್ನೂ ಹೆಚ್ಚಿತು. 1999ರ ಮಾರ್ಚಿನಲ್ಲಿ ಮೈಕ್ರೋಸಾಫ್ಟ್‌ನ ಐದನೇ ಆವೃತ್ತಿಯ ಬ್ರೌಸರ್ ಪ್ರತಿ ತಾಣದ ಹೆಸರಿನ ಪಕ್ಕ ಒಂದು ಪುಟ್ಟ ಚಿತ್ರ ಇಡುವ ರೂಢಿ ತಂದಿತು: 16ಕ್ಕೆ 16, ಒಟ್ಟು 256 ಚುಕ್ಕೆ. ಅಲ್ಲಿಂದಾಚೆಗೆ ಯಾವ ಲಾಂಛನವೂ ಈ ಕಿಂಡಿಯಲ್ಲಿ ನುಸುಳದೆ ದಾರಿಯಿರಲಿಲ್ಲ. ವಿಕಿಪೀಡಿಯದ ಗೋಳ ಇಲ್ಲಿ ಒಳ್ಳೆಯ ಸಾಕ್ಷಿ. 2003ರಲ್ಲಿ ಪಾಲ್ ಸ್ಟಾನ್ಸಿಫರ್ ಕಲ್ಪಿಸಿ ಡೇವಿಡ್ ಫ್ರೀಡ್‌ಲಂಡ್ ತಿದ್ದಿದ ಆ ಚಿತ್ರದಲ್ಲಿ ಒಗಟಿನ ತುಂಡುಗಳಿಂದ ಜೋಡಿಸಿದ ಗೋಳವಿದೆ. ಪ್ರತಿ ತುಂಡಿನ ಮೇಲೆ ಬೇರೆ ಲಿಪಿಯ ಅಕ್ಷರ, ಮೇಲ್ಭಾಗ ಇನ್ನೂ ತುಂಬದೆ ಬಿಟ್ಟದ್ದು. ಜ್ಞಾನ ಮುಗಿಯುವುದಿಲ್ಲ, ಒಂದು ಭಾಷೆಯದಲ್ಲ ಎಂಬ ಎರಡು ಮಾತನ್ನೂ ಹೇಳುವ ಚಿತ್ರ. ಅದರಲ್ಲಿ ನಮ್ಮ ‘ವಿ’ ಕೂಡ ಇದೆ ಎಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ. ಆದರೆ ಮೊದಲ ಗೋಳದಲ್ಲಿ ಜಪಾನಿ ಅಕ್ಷರದ ತುಂಡು ತಪ್ಪಾಗಿತ್ತು, ದೇವನಾಗರಿಯ ‘ವಿ’ಯಲ್ಲಿ ಸ್ವರಚಿಹ್ನೆ ಸರಿಯಾದ ಕಡೆ ಕೂತಿರಲಿಲ್ಲ. ವಿವರ ಹೆಚ್ಚಿದಷ್ಟೂ ತಪ್ಪಿಗೆ ಜಾಗ ಹೆಚ್ಚುತ್ತದೆ. ಒಬ್ಬ ಚಿತ್ರಕಾರ ಎಲ್ಲ ಲಿಪಿಗಳನ್ನೂ ಬಲ್ಲವನಾಗಿರಲು ಹೇಗೆ ಸಾಧ್ಯ? 2010ರಲ್ಲಿ ಗೋಳವನ್ನು ಹೊಸದಾಗಿ ಬರೆದು ಆ ತಪ್ಪುಗಳನ್ನು ತಿದ್ದಿದರು. ಇಷ್ಟೆಲ್ಲ ಆದರೂ ಬ್ರೌಸರಿನ ಪುಟ್ಟ ಕಿಂಡಿಯಲ್ಲಿ ಗೋಳ ಕಾಣುವುದಿಲ್ಲ. ಅಲ್ಲಿರುವುದು ರೋಮನ್ ಡಬ್ಲ್ಯು ಒಂದೇ. ಎಲ್ಲ ಲಿಪಿಗಳ ಗೋಳ 256 ಚುಕ್ಕೆಗೆ ಇಳಿದಾಗ ಒಂದೇ ಲಿಪಿ ಉಳಿಯಿತು.

ಇದರಲ್ಲಿ ಕನ್ನಡಕ್ಕೊಂದು ಪಾಠವಿದೆ ಎಂದು ನನಗನ್ನಿಸುತ್ತದೆ. ರೋಮನ್ ಲಿಪಿಯ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರದ ನೇರ ಕಡ್ಡಿಗಳು, ಬಾಗಿದ ಕಡ್ಡಿಗಳು. ಹದಿನಾರು ಚುಕ್ಕೆಯಲ್ಲಿ ಅವು ಸುಖವಾಗಿ ಕೂರುತ್ತವೆ. ಕನ್ನಡದ ಅಕ್ಷರಕ್ಕೆ ಮೇಲೆ ತಲೆಕಟ್ಟು, ಗುಡಿಸು, ಬಲಕ್ಕೆ ಕೊಂಬು, ದೀರ್ಘ, ಕೆಳಗೆ ಒತ್ತು. ‘ಕ್ಷ್ಮೀ’ ಎಂಬುದನ್ನು 256 ಚುಕ್ಕೆಗಳಲ್ಲಿ ಬರೆಯಲು ಹೊರಟವರಿಗೆ ಕಲೆಗಿಂತ ಮಸಿಯ ಗುಡ್ಡೆಯೇ ಗತಿ. ಅದಕ್ಕೆಂದು ಕನ್ನಡದ ಅಕ್ಷರ ಲಾಂಛನವಾಗಲಾರದು ಎಂದು ಕೈಚೆಲ್ಲಬೇಕಿಲ್ಲ. ಠ, ರ, ಗ, ದ ಇವುಗಳ ದುಂಡು, ಅವುಗಳೊಳಗಿನ ಬಯಲು, ಗಾತ್ರ ಎಷ್ಟು ಇಳಿದರೂ ತೆರೆದೇ ಇರುತ್ತವೆ. ಠ ಅಂತೂ ವೃತ್ತ ಮತ್ತು ಬಿಂದು ಮಾತ್ರ, ಮೇಲೊಂದು ತಲೆಕಟ್ಟು. ಕನ್ನಡದಲ್ಲಿ ತಂತ್ರಾಂಶ ಕಟ್ಟುವವರು ಹೆಸರಿನ ಮೊದಲಕ್ಷರವನ್ನೇ ಗುರುತಾಗಿಸಬೇಕೆಂಬ ಹಟ ಬಿಟ್ಟು, ಹೆಸರಿನಲ್ಲಿರುವ ಯಾವ ಅಕ್ಷರ ಕಿಂಡಿಯಲ್ಲಿ ಬದುಕುತ್ತದೆಂದು ನೋಡಿದರೆ ರೋಮನ್ ಲಿಪಿಗೆ ಶರಣಾಗುವ ಅಗತ್ಯ ಬಾರದು.

ಇನ್ನು ಅನುಮತಿಯ ಮಾತು. ನಮ್ಮ ನೆಲದಲ್ಲಿ ಲಾಂಛನ ಎಂದರೆ ಮೊದಲು ನೆನಪಾಗುವುದು ಅರಸರದು. ಬಾದಾಮಿ ಚಾಲುಕ್ಯರ ತಾಮ್ರಶಾಸನಗಳ ಉಂಗುರದ ಮೇಲೆ ಒತ್ತಿದ ವರಾಹ ಅಂಥದ್ದು. ಆ ಮುದ್ರೆಯ ಬೆಲೆಯೆಲ್ಲ ಅದನ್ನು ಒತ್ತುವ ಅಧಿಕಾರ ಒಬ್ಬರಿಗೇ ಇದ್ದುದರಲ್ಲಿತ್ತು. ಬೇರೆಯವರು ಒತ್ತಿದರೆ ಶಾಸನವೇ ಕೂಟಶಾಸನ. ಮುಕ್ತ ತಂತ್ರಾಂಶದ ಲಾಂಛನದ ಬೆಲೆ ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನಲ್ಲಿದೆ, ಎಷ್ಟು ಜನ ಒತ್ತಿದರೆ ಅಷ್ಟು ಹೆಚ್ಚು. ಇವೆರಡರ ತಿಕ್ಕಾಟ ಬಯಲಿಗೆ ಬಂದದ್ದು ಫೈರ್‌ಫಾಕ್ಸ್ ಎಂಬ ಬ್ರೌಸರಿನ ವಿಷಯದಲ್ಲಿ. 2004ರ ಫೆಬ್ರವರಿಯ 0.8 ಆವೃತ್ತಿಯೊಂದಿಗೆ ಭೂಗೋಳವನ್ನು ಸುತ್ತಿ ಮಲಗಿದ ಬೆಂಕಿಬಾಲದ ನರಿಯ ಚಿತ್ರ ಬಂತು. ಅದನ್ನು ಅಂತಿಮವಾಗಿ ಬರೆದವರು ಜಾನ್ ಹಿಕ್ಸ್. ತಂತ್ರಾಂಶದ ಸಂಕೇತವನ್ನು ಯಾರು ಬೇಕಾದರೂ ಬದಲಿಸಬಹುದಿತ್ತು, ಚಿತ್ರವನ್ನು ಬದಲಿಸುವಂತಿರಲಿಲ್ಲ. ಲಿನಕ್ಸ್ ಮತ್ತು ಅದರ ತಂತ್ರಾಂಶಗಳನ್ನು ಒಟ್ಟುಗೂಡಿಸಿ ಹಂಚುವ ಡೆಬಿಯನ್ ಬಳಗದ ನಿಯಮವೋ, ತಾನು ಹಂಚುವ ಪ್ರತಿಯೊಂದು ಕಡತವೂ ಮುಕ್ತವಾಗಿರಬೇಕು ಎಂಬುದು. ಹಾಗಾಗಿ ಅವರು ಹೆಸರನ್ನು ಇಟ್ಟುಕೊಂಡು ನರಿಯ ಚಿತ್ರವನ್ನು ಬಿಟ್ಟು ಬರೀ ಗೋಳ ಹಾಕಿದರು. 2006ರಲ್ಲಿ ಆ ಬ್ರೌಸರನ್ನು ರೂಪಿಸುವ ಮೊಝಿಲ್ಲಾ, ಚಿತ್ರವಿಲ್ಲದೆ ಹೆಸರು ಬಳಸಕೂಡದು, ಡೆಬಿಯನ್ ಮಾಡಿದ ತಿದ್ದುಪಡಿಗಳಿಗೂ ತನ್ನ ಒಪ್ಪಿಗೆ ಪಡೆಯಬೇಕು ಎಂದಿತು. ಡೆಬಿಯನ್ ಹೆಸರನ್ನೂ ಬಿಟ್ಟು ‘ಐಸ್‌ವೀಸಲ್’ ಎಂದು ಕರೆಯಿತು. ಅದೇ ಬ್ರೌಸರ್, ಬೇರೆ ಹೆಸರು, ಬೇರೆ ಚಿತ್ರ, ಬಳಸುವವರಿಗೆ ಗೊಂದಲ. ಇದು ಸರಿಹೋಗಿ ಡೆಬಿಯನ್‌ಗೆ ಫೈರ್‌ಫಾಕ್ಸ್ ಮರಳಲು 2016 ಆಗಬೇಕಾಯಿತು. ಸುಂದರವಾದ ಲಾಂಛನವೊಂದು ತನ್ನ ತಂತ್ರಾಂಶವನ್ನು ಅತ್ಯಂತ ನಿಷ್ಠೆಯಿಂದ ಹಂಚುತ್ತಿದ್ದವರ ಯಂತ್ರಗಳಲ್ಲೇ ಹತ್ತು ವರ್ಷ ಕಾಣಲಿಲ್ಲ. ಗೆರೆ ಇದಕ್ಕೆ ಕಾರಣವಲ್ಲ, ಕಟ್ಟಳೆ ಕಾರಣ.

ಮೊಝಿಲ್ಲಾದ ವಾದವನ್ನು ತಳ್ಳಿಹಾಕುವುದು ನ್ಯಾಯವಲ್ಲ. ಹೆಸರಾಂತ ಬ್ರೌಸರಿನ ಚಿತ್ರವನ್ನು ಅಂಟಿಸಿ, ಒಳಗೆ ಕಳ್ಳ ಸಂಕೇತ ತುಂಬಿ ಹಂಚುವವರು ಇರುತ್ತಾರೆ. ಬಳಸುವವರು ಮೋಸ ಹೋಗಬಾರದು ಎಂಬ ಕಾಳಜಿ ದೊಡ್ಡದು. ಡೆಬಿಯನ್ ಕೂಡ ಇದರಿಂದ ಹೊರತಾಗಿರಲಿಲ್ಲ. 1999ರಲ್ಲಿ ರಾವುಲ್ ಸಿಲ್ವಾ ಬರೆದ ಕೆಂಪು ಸುರುಳಿಯನ್ನು ಅದು ಆರಿಸಿಕೊಂಡಾಗ ಎರಡು ರೂಪಗಳನ್ನು ಇಟ್ಟುಕೊಂಡಿತು: ಬರೀ ಸುರುಳಿ ಎಲ್ಲರಿಗೆ, ಸೀಸೆಯಿಂದ ಹೊಮ್ಮುವ ಸುರುಳಿ ಅಧಿಕೃತ ಬಳಕೆಗೆ ಮಾತ್ರ. ಎಲ್ಲರಿಗೆಂದು ಕೊಟ್ಟ ಸುರುಳಿಯ ಕರಾರು ಸಹ ಡೆಬಿಯನ್ನಿನ ಸ್ವಂತ ಮುಕ್ತತೆಯ ನಿಯಮಗಳಿಗೆ ಬಹಳ ಕಾಲ ಹೊಂದುತ್ತಿರಲಿಲ್ಲ. ಮುಕ್ತ ಪರವಾನಗಿಗೆ ಅದು ಬಂದದ್ದು ಆಮೇಲೆ. ನಡೆದು ನೋಡಿದ ಫಲಿತಾಂಶ ಎಲ್ಲರ ಮುಂದಿದೆ: ಸೀಸೆಯನ್ನು ಬಲ್ಲವರು ಕಡಿಮೆ, ಸುರುಳಿಯನ್ನು ಎಲ್ಲರೂ ಬಲ್ಲರು. ಮೋಸ ತಡೆಯುವ ಕೆಲಸವನ್ನು ಹೆಸರಿಗೆ ಬಿಟ್ಟು ಚಿತ್ರವನ್ನು ಬಿಡುಗಡೆ ಮಾಡುವ ದಾರಿಯೂ ಇದೆ. ಲಿನಕ್ಸ್ ಎಂಬ ಹೆಸರು ಟೊರ್ವಾಲ್ಡ್ಸ್ ಅವರ ಟ್ರೇಡ್‌ಮಾರ್ಕ್, ಪೆಂಗ್ವಿನ್ ಎಲ್ಲರದು. ಆಂಡ್ರಾಯ್ಡ್ ಎಂಬ ಹೆಸರು ಗೂಗಲ್‌ನ ಟ್ರೇಡ್‌ಮಾರ್ಕ್. ಐರಿನಾ ಬ್ಲಾಕ್ ಬರೆದ ಹಸಿರು ರೋಬಾಟನ್ನು ಮೂಲದ ಹೆಸರು ಹೇಳಿ ಯಾರು ಬೇಕಾದರೂ ಬದಲಿಸಬಹುದು. ಶೌಚಾಲಯದ ಬಾಗಿಲ ಮೇಲಿನ ಗಂಡು ಹೆಣ್ಣಿನ ಚಿಹ್ನೆಗಳಿಂದ ಸ್ಫೂರ್ತಿ ಪಡೆದ ಆ ರೋಬಾಟ್ ಗೆರೆಯಲ್ಲೂ ಅನುಮತಿಯಲ್ಲೂ ಸರಳ. 2012ರಲ್ಲಿ ಸಂಕೇತದ ಆವೃತ್ತಿಗಳ ಲೆಕ್ಕವಿಡುವ ಗಿಟ್ ತಂತ್ರಾಂಶಕ್ಕೆ ಜೇಸನ್ ಲಾಂಗ್ ಮಾಡಿದ ಲಾಂಛನಕ್ಕೂ ಅಂಥದ್ದೇ ಕ್ರಿಯೇಟಿವ್ ಕಾಮನ್ಸ್ ಪರವಾನಗಿ. ಓರೆಯಾಗಿ ನಿಲ್ಲಿಸಿದ ಚೌಕದೊಳಗೆ ಕವಲೊಡೆಯುವ ಒಂದು ಗೆರೆ, ಮೂರು ಬಿಂದು. ಸಂಕೇತದ ಕವಲುಗಳನ್ನು ವಿವರಿಸಲು ಯಾವ ಪ್ರೋಗ್ರಾಮರ್ ಆದರೂ ಕಾಗದದ ಮೇಲೆ ಬರೆಯುವ ಚಿತ್ರವೇ ಅದು.

ಕೊನೆಯದಾಗಿ ಎತ್ತಬಹುದಾದ ಆಕ್ಷೇಪ ಮನಸ್ಸಿಗೆ ಹತ್ತಿರದ್ದು. ಎಲ್ಲವನ್ನೂ ಸರಳಗೊಳಿಸುತ್ತ ಹೋದರೆ ಎಲ್ಲವೂ ಒಂದೇ ತರಹ ಆಗುವುದಿಲ್ಲವೇ, ಬೂಟು ತೊಟ್ಟ ಡೀಮನ್‌ನಲ್ಲಿದ್ದ ತುಂಟತನ ಎಲ್ಲಿ ಹೋಯಿತು ಎಂದು ಹಳಬರು ಕೇಳುತ್ತಾರೆ. 2013, 2017, 2019ರಲ್ಲಿ ಫೈರ್‌ಫಾಕ್ಸ್‌ನ ನರಿ ಮತ್ತೆ ಮತ್ತೆ ನಯವಾದುದನ್ನು ಕಂಡವರು ಪ್ರತಿ ಸಲ ತುಪ್ಪಳದ ಒಂದು ಪದರ ಕಳೆದುಹೋಯಿತೆಂದು ಮರುಗಿದ್ದೂ ಉಂಟು. ಆ ನೋವನ್ನು ನಾನು ಅಲ್ಲಗಳೆಯಲಾರೆ. ಆದರೆ ಕಳೆದದ್ದಕ್ಕೆ ಸರಳತೆಯನ್ನು ದೂರುವಾಗ, ಯಾರು ಯಾವಾಗ ಸರಳಗೊಳಿಸಿದರು ಎಂದು ನೋಡಬೇಕು. ಮುಕ್ತ ತಂತ್ರಾಂಶದ ಗ್ನೂ ಯೋಜನೆಗೆ ಎಟಿಯೆನ್ ಸುವಾಸಾ ಬರೆದ, ಅದೇ ಹೆಸರಿನ ಗಡ್ಡದ ಕಾಡುಪ್ರಾಣಿಯ ತಲೆ ನವಿರಾದ ಗೆರೆಗಳಿಂದ ತುಂಬಿದ ಚಿತ್ರ. ಮುಂದೆ ಅರೆಲಿಯೊ ಹೆಕರ್ಟ್ ಅದನ್ನೇ ದಪ್ಪ ಗೆರೆಗಳಲ್ಲಿ ಬರೆದುಕೊಟ್ಟರು. ಸುವಾಸಾ ಅವರ ಚಿತ್ರ ಅಳಿಯಲಿಲ್ಲ, ಎರಡೂ ಜೊತೆಗಿವೆ, ದೊಡ್ಡ ಪುಟಕ್ಕೆ ಒಂದು, ಸಣ್ಣ ಗುಂಡಿಗೆ ಒಂದು. ಕನ್ನಡ ವಿಕಿಪೀಡಿಯವನ್ನೂ ಹೊತ್ತು ನಡೆಸುವ ಮೀಡಿಯಾವಿಕಿ ತಂತ್ರಾಂಶದ ಲಾಂಛನ 2003ರಿಂದ ಸೂರ್ಯಕಾಂತಿಯ ಛಾಯಾಚಿತ್ರವಾಗಿತ್ತು, ಅದರ ಇಕ್ಕೆಲದಲ್ಲಿ ವಿಕಿ ಕೊಂಡಿಯ ಜೋಡಿ ಚೌಕಕಂಸಗಳು. ಛಾಯಾಚಿತ್ರ ಕುಗ್ಗಿದರೆ ಹಳದಿ ಕಲೆಯಾಗುತ್ತದೆ, ಒಂದೇ ಬಣ್ಣದ ಅಚ್ಚಿಗೆ ಬರುವುದೇ ಇಲ್ಲ. ಹದಿನೆಂಟು ವರ್ಷದ ಬಳಿಕ, 2021ರಲ್ಲಿ, ಬಳಗದವರೇ ಮತ ಹಾಕಿ ಹೊಸ ಲಾಂಛನ ತಂದರು: ಎಸಳುಗಳ ಹೂ ಉಳಿಯಿತು, ಛಾಯಾಚಿತ್ರ ಹೋಯಿತು. ಬಳಸುವವರೇ ಕೂಡಿ ಕಳೆಯಬೇಕಾದ್ದನ್ನು ಕಳೆದ ಕಡೆ ಗುಣ ಉಳಿಯುತ್ತದೆ. ಯಾವುದು ತಮ್ಮ ಗುರುತು ಎಂದು ಅವರಿಗೆ ಗೊತ್ತು. ಮೇಲಿನವರು ತಮ್ಮ ಕಾಲದ ರುಚಿಗೆ ತಕ್ಕಂತೆ ಕಳೆದ ಕಡೆ ಆಪ್ತತೆ ಸೋರಿಹೋಗುವ ಅಪಾಯ ಇದ್ದೇ ಇದೆ.

ಅನುಮತಿ ಸರಳವಾಗಿದ್ದ ಕಡೆ ತುಂಟತನಕ್ಕೆ ಎಂದೂ ಕೊರತೆಯಾಗಿಲ್ಲ ಎನ್ನುವುದಕ್ಕೆ ಲಿನಕ್ಸ್ ಕರ್ನಲ್‌ನಲ್ಲೇ ಪುರಾವೆ ಇದೆ. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ ‘ಟ್ಯಾಸ್ಮೇನಿಯನ್ ಡೆವಿಲ್’ ಎಂಬ ಪ್ರಾಣಿ ಮುಖದ ಮೇಲಿನ ಗಡ್ಡೆರೋಗದಿಂದ ಅಳಿವಿನಂಚಿಗೆ ಬಂದಿತ್ತು. 2009ರ ಜನವರಿಯಲ್ಲಿ ಅಲ್ಲಿನ ಹೋಬಾರ್ಟ್ ನಗರದಲ್ಲಿ ಲಿನಕ್ಸ್ ಸಮ್ಮೇಳನ ನಡೆದಾಗ ಆ ಪ್ರಾಣಿಯೇ ಸಮ್ಮೇಳನದ ಗುರುತು. ಪೆಂಗ್ವಿನ್ ಕೊಕ್ಕನ್ನು ಮುಖಕ್ಕೆ ಕಟ್ಟಿಕೊಂಡ ಅದರ ಹೆಸರು ಟಝ್. ಅದೇ ವರ್ಷದ ಮಾರ್ಚಿನಲ್ಲಿ ಬಂದ 2.6.29 ಆವೃತ್ತಿಯ ಆಕರ ಸಂಕೇತದಲ್ಲಿ ಟಕ್ಸ್ ಇದ್ದ ಕಡತದಲ್ಲಿ ಟಝ್ ಕೂತಿತ್ತು. ಆ ಆವೃತ್ತಿಯನ್ನು ಹಾಕಿಕೊಂಡು ಯಂತ್ರ ಏಳುವಾಗ ಗುರುತನ್ನು ತೋರಿಸುವಂತೆ ಇಟ್ಟುಕೊಂಡಿದ್ದವರಿಗೆ, ಅವರು ಯಾವ ದೇಶದವರಾಗಿರಲಿ, ಮೊದಲು ಕಂಡದ್ದು ಆ ಪ್ರಾಣಿ. ಮುಂದಿನ 2.6.30ರಲ್ಲಿ ಪೆಂಗ್ವಿನ್ ತನ್ನ ಜಾಗಕ್ಕೆ ಮರಳಿತು.